ಏನೂ ಬೆಳೆಯದ ಬಾಟಲಿಗಳು

ಲ್ಯಾಬಿನಲ್ಲಿ ನಾನು ಬೆಳೆಸಿ ನೋಡುವ ಈ ರೋಗಾಣುವಿನಷ್ಟು ಸೋಮಾರಿ ಜೀವವನ್ನು ನಾನು ಕಂಡಿಲ್ಲ, ನಮ್ಮ ಭಾವನನ್ನೂ ಸೇರಿಸಿ ಹೇಳುತ್ತಿದ್ದೇನೆ. ಬೇರೆ ಬ್ಯಾಕ್ಟೀರಿಯಾಗಳು ಬೆಳಗಾಗುವುದರೊಳಗೆ ಬಾಟಲಿ ತುಂಬ ಸಂಸಾರ ಹೂಡುತ್ತವೆ. ಇದಕ್ಕೆ ತಿಂಗಳುಗಟ್ಟಲೆ ಬೇಕು. ಕಬ್ಬಿಣದಂಶ ಹೀರಿಕೊಳ್ಳುವುದಕ್ಕೂ ನಾವೇ ಬೇರೆ ಪದಾರ್ಥ ಬೆರೆಸಿ ಕೊಡಬೇಕು. ಹಸುವಿನ ಕರುಳಲ್ಲಿ ಮಾತ್ರ ಮಹಾ ಚಾಲಾಕಿ. ತನ್ನನ್ನು ನುಂಗಲು ಬಂದ ಕಾವಲು ಕೋಶದ ಹೊಟ್ಟೆಯಲ್ಲೇ ಬಿಡಾರ ಹೂಡಿ ವರ್ಷಗಟ್ಟಲೆ ಕೂತಿರುತ್ತದೆ. ಕರುವಾಗಿದ್ದಾಗ ಹೊಕ್ಕಿದ್ದು ಹಸುವಾದ ಮೇಲೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಹಸು ಎಷ್ಟು ಮೇಯ್ದರೂ ಭೇದಿಯಾಗಿ ಸೊರಗಿ ಸಾಯುತ್ತದೆ. ಔಷಧಿ ಇಲ್ಲ.

ಅಕ್ಕನ ಕೊಟ್ಟಿಗೆಯ ಹಿರಿಯಮ್ಮ ಹಾಗೇ ಸೊರಗತೊಡಗಿದ್ದಳು, ಅದೂ ಗಬ್ಬದಲ್ಲಿ. ಇಷ್ಟು ವರ್ಷ ಬರೀ ಗಂಡುಗರು ಹಾಕಿದ ಹಸು. ಈ ಸಲವಾದರೂ ಹೆಣ್ಣಾಗಲಿ ಅಂತ ಅಕ್ಕ ಕಾಯುತ್ತಿದ್ದಳು.

"ಕರು ಹುಟ್ಟಿದ ತಕ್ಷಣ ತಾಯಿಯಿಂದ ಬೇರೆ ಮಾಡು. ಇವಳ ಗಿಣ್ಣು ಹಾಲು ಬೇಡ, ರೋಗ ಅದರಲ್ಲೂ ಇಳಿಯುತ್ತೆ. ಬೇರೆ ಹಸುವಿನದು ಕುಡಿಸು," ಅಂದೆ.

"ತಾಯಿ ಹಾಲು ತಪ್ಪಿಸೋಕೆ ನಾನೇನು ರಾಕ್ಷಸಿನೇನೇ? ನಿನ್ನ ಲ್ಯಾಬಲ್ಲಿ ನೋಡಿಸು. ರೋಗ ಇದ್ರೆ ನೀನು ಹೇಳಿದ ಹಾಗೆ, ಇಲ್ಲದಿದ್ರೆ ನಾನು ಹೇಳಿದ ಹಾಗೆ."

ಸರಿ, ಸೆಗಣಿ ತಂದು ಕೊಟ್ಟೆ. ನಮ್ಮ ಲ್ಯಾಬಲ್ಲಿ ಸೆಗಣಿ ತೊಳೆಯುವ ಕೆಲಸ ಸಹಾಯಕ ಸ್ವಚ್ಛಪ್ಪನದು, ಅವನ ಶುಚಿಯ ಹುಚ್ಚು ನೋಡಿ ಹೆಸರು ನಾವಿಟ್ಟದ್ದು. ಔಷಧಿ ನೀರಲ್ಲಿ ಒಂದು ರಾತ್ರಿ ನೆನೆಹಾಕಿದರೆ ಬೇರೆ ಕ್ರಿಮಿಗಳು ಸತ್ತು ದಪ್ಪ ಚರ್ಮದ ನಮ್ಮ ಸೋಮಾರಿ ಉಳಿಯುತ್ತದೆ. ಆಮೇಲೆ ಅದನ್ನು ಬಾಟಲಿಗೆ ಹಾಕಿ ಬೆಚ್ಚಗಿಟ್ಟು ಕಾಯುವುದು. ತಿಂಗಳುಗಟ್ಟಲೆ ಕಾದೆ. ಅಕ್ಕ ಫೋನಿನ ಮೇಲೆ ಫೋನು ಮಾಡಿ ನನ್ನ ತಲೆ ತಿಂದಳು.

ಕೊನೆಯ ಸಲ ನೋಡಬೇಕಾದ ದಿನ ನಾನು ಕೋಟು ಹಾಕಿಕೊಳ್ಳುವಷ್ಟರಲ್ಲೇ ಸ್ವಚ್ಛಪ್ಪ ನಗುತ್ತಾ ಬಂದ. "ನಿಮ್ಮಕ್ಕ ಫೋನ್ ಮಾಡಿದ್ರು ಮೇಡಂ. ಏನೂ ಬೆಳೆದಿಲ್ಲ, ಖುಷಿಯಾಗಿರಿ ಅಂದೆ."

ನಾನು ಬಾಟಲಿಗಳನ್ನು ಬೆಳಕಿಗೆ ಹಿಡಿದೆ. ಅಕ್ಕನ ಹಸುವಿನದು ಖಾಲಿ. ಪಕ್ಕದ್ದೂ ಖಾಲಿ. ಆ ಪಕ್ಕದ ಬಾಟಲಿ, ರೋಗ ಇದೆಯೆಂದು ಮೊದಲೇ ಗೊತ್ತಿರುವ ಹಸುವಿನದು. ಪರೀಕ್ಷೆ ಸರಿಯಾಗಿದೆಯೋ ಇಲ್ಲವೋ ತಿಳಿಯಲೆಂದೇ ಇಡುವುದು. ಅದರಲ್ಲಿ ಬೆಳೆಯಲೇಬೇಕು.

"ಎಷ್ಟು ಹೊತ್ತು ನೆನೆಹಾಕಿದ್ರಿ?"

"ಆಗ ರಜೆ ಬಂತಲ್ಲ ಮೇಡಂ, ಮುಗಿಯೋವರೆಗೂ ಬಿಟ್ಟೆ. ನೋಡಿ, ಒಂದು ಚುಕ್ಕೆ ಬೂಷ್ಟೂ ಇಲ್ಲ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿದ್ದ ಪುಣ್ಯಾತ್ಮ. ಹುಡುಕಬೇಕಾದ್ದನ್ನೇ ತೊಳೆದು ಸಾಯಿಸಿ ಹಲ್ಲು ಕಿರಿಯುತ್ತಿದ್ದ. ಬೈಯಲು ಪುರುಸೊತ್ತಿರಲಿಲ್ಲ. ಅಕ್ಕ ಫೋನ್ ಎತ್ತಲಿಲ್ಲ, ಸ್ಕೂಟರ್ ಹತ್ತಿದೆ.

ಹಿರಿಯಮ್ಮ ಈದಿದ್ದಳು, ಹೆಣ್ಣುಗರು. ಅದರ ಮೂತಿಗೆಲ್ಲ ಹಳದಿ ಹಾಲು ಮೆತ್ತಿತ್ತು. ಅಕ್ಕ ನೆಲದಲ್ಲಿ ಕೂತು ಅದನ್ನು ಒರೆಸುತ್ತಿದ್ದಳು. ಫ್ರಿಜ್‌ನಲ್ಲಿ ಬೇರೆ ಹಸುವಿನ ಗಿಣ್ಣು ಹಾಲು ತೆಗೆದಿಟ್ಟಿದ್ದಳಂತೆ, ನನ್ನ ಮಾತಿಗೆ ಬೆಲೆ ಕೊಟ್ಟು. ಸ್ವಚ್ಛಪ್ಪ ಹೇಳಿದ ಮೇಲೆ ಅದನ್ನು ಮುಟ್ಟಲಿಲ್ಲ.

"ಪರೀಕ್ಷೆ ಕೆಟ್ಟಿದೆ ಅಕ್ಕ. ಬೆಳೆದಿಲ್ಲ ಅಂದ್ರೆ ಇಲ್ಲ ಅಂತಲ್ಲ."

"ಹಾಗಾದ್ರೆ ಇದೆಯಾ?"

"ಗೊತ್ತಿಲ್ಲ. ಮತ್ತೆ ಮಾಡಬೇಕು. ಅಷ್ಟೇ ತಿಂಗಳು ಹಿಡಿಯುತ್ತೆ."

"ಇದಕ್ಕೆ?" ಕರುವಿನ ತಲೆ ಮೇಲೆ ಕೈಯಿಟ್ಟಳು. "ಇದಕ್ಕೆ ತಗುಲಿದೆಯೋ ಇಲ್ಲವೋ ಯಾವಾಗ ಗೊತ್ತಾಗುತ್ತೆ?"

"ದೊಡ್ಡದಾದ ಮೇಲೆ. ಎರಡು ವರ್ಷ, ಮೂರು ವರ್ಷ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಕರುವನ್ನು ಎತ್ತಿಕೊಂಡು ಹೋಗಿ, ಉಳಿದ ಕರುಗಳಿಂದ ದೂರ, ಹುಲ್ಲಿನ ಕೋಣೆಯಲ್ಲಿ ಒಂದನ್ನೇ ಕಟ್ಟಿದಳು. ಅದು ಅವ್ವನಿಗಾಗಿ ಕೂಗುತ್ತಲೇ ಇತ್ತು.

ಹುಟ್ಟಿದ ದಿನವೇ ಪ್ರತಿ ಕರುವಿಗೂ ಹೆಸರಿಡುವವಳು ಅಕ್ಕ. ಇದನ್ನು ಏನಂತ ಕರೆಯಲಿ ಎಂದು ಕೇಳಿದೆ.

"ಮೂರು ವರ್ಷ ಆದ ಮೇಲೆ ಬಾ, ಹೇಳ್ತೀನಿ," ಅಂದಳು.