ಕುಂಕುಮದ ಕೆಳಗಿನ ಜೋಡಿಗೆರೆ

ಆಯುಧಪೂಜೆಯ ದಿನ ಮೈಕ್ರೋಸ್ಕೋಪಿನ ಕೊರಳಿಗೆ ಸೇವಂತಿಗೆ ಹಾರ ಬಿದ್ದಿತ್ತು. ಹಾಕಿದವನು ನಮ್ಮ ಲ್ಯಾಬಿನ ಅಟೆಂಡರ್ ಕೆಂಚಪ್ಪ. ವಿಭೂತಿ ಬಳಿದು, ಕುಂಕುಮವನ್ನು ಧಾರಾಳವಾಗಿ ಇಟ್ಟು, "ಇವತ್ತು ಇದನ್ನ ಯಾರೂ ಮುಟ್ಟಂಗಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತಿದ್ದ.

ಆಗ ಎಂಬತ್ತೆಂಟನೆಯ ಇಸವಿ. ವಿಜಯನಗರದ ಒಂದು ಮಹಡಿಮನೆಯೇ ನಮ್ಮ ಲ್ಯಾಬು. ನಾನು ಓದಿದ್ದು ಮೂರನೆಯ ಕ್ಲಾಸು. ಒಂದೇ ಕಡೆ ಕೂತು ಸಂಜೆವರೆಗೂ ಬೇಸರಿಸದೆ ನೋಡುತ್ತೇನೆಂದು ಕೆಲಸಕ್ಕೆ ತೆಗೆದುಕೊಂಡಿದ್ದರು. ಹೊರದೇಶದ ದೊಡ್ಡ ಯಂತ್ರವೊಂದರಲ್ಲಿ, ಫೋಟೋ ಮೂಡಿಸುವ ಮಸಾಲೆ ಬಳಿದ ಗಾಜುಗಳ ಮೇಲೆ ಗಂಧಕದ ಪರಮಾಣುಗಳನ್ನು ರಭಸದಿಂದ ಹೊಡೆಸಿ, ಆ ಗಾಜುಗಳನ್ನು ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಢಿಕ್ಕಿಯಾದ ಜಾಗದಿಂದ ಕಪ್ಪು ಗೆರೆಗಳು ನಕ್ಷತ್ರದಂತೆ ಚಿಮ್ಮಿರುತ್ತಿದ್ದವು. ಅವನ್ನು ಹುಡುಕುವುದು ನನ್ನ ಕೆಲಸ. ಮಾಗಡಿ ರೋಡಿನಲ್ಲಿ ಲಾರಿ ಹೋದರೆ ನಕ್ಷತ್ರವೆಲ್ಲ ನಡುಗುತ್ತಿತ್ತು. ನಿಲ್ಲುವವರೆಗೆ ಕಾಯುತ್ತಿದ್ದೆ.

ಸಂಶೋಧನೆ ಮಾಡುತ್ತಿದ್ದ ಹುಡುಗಿ ಜಗದಾಂಬಾಗೆ ಬೇಕಾದದ್ದು ಎದೆಗೆ ಎದೆ ಕೊಟ್ಟ ಢಿಕ್ಕಿ. ಅಂಥದರಲ್ಲಿ ಪರಮಾಣುವಿನ ಒಳಗಿನ ಕ್ವಾರ್ಕ್, ಗ್ಲುಆನ್ ಎಂಬ ಅತಿ ಸಣ್ಣ ಕಣಗಳೆಲ್ಲ ಕರಗಿ ಒಂದೇ ಸಾರಾಗಬಹುದಂತೆ. "ಬೇರೆ ಕಣಗಳು ಆ ಸಾರಿಂದ ಈಚೆ ಬರೋಷ್ಟರಲ್ಲಿ ನೂಕಾಡ್ಕೊಂಡು ಗುರುತೇ ಸಿಗದಂಗೆ ಆಗಿರ್ತವೆ ಅಂಜನಮ್ಮ. ಬೆಳಕು ಮಾತ್ರ ಯಾರ ಕೈಗೂ ಸಿಗದೆ ಬಂದ್ಬಿಡುತ್ತೆ. ಒಳಗೆ ಎಷ್ಟು ಕಾವಿತ್ತು ಅಂತ ಅದನ್ನೇ ಕೇಳ್ಬೇಕು" ಎಂದು ನನಗೆ ಒಮ್ಮೆ ಹೇಳಿದ್ದಳು.

ಆ ಬೆಳಕು ತಾನಾಗಿ ಗೆರೆ ಬಿಡುವುದಿಲ್ಲ. ಒಂದಷ್ಟು ದೂರ ಸದ್ದಿಲ್ಲದೆ ಹೋಗಿ, ಏನೂ ಇಲ್ಲದ ಕಡೆ ತಟ್ಟನೆ ಎರಡು ಗೆರೆಯಾಗಿ ಒಡೆಯುತ್ತದೆ. ಆ ಜೋಡಿಗೆರೆಯೇ ಅದರ ಗುರುತು.

ಪೆಟ್ಟಿಗೆ ಮರುದಿನ ಬೇರೆ ಊರಿನ ಲ್ಯಾಬಿಗೆ ಹೋಗಬೇಕಿತ್ತು. ಬೇಕಾದ ಢಿಕ್ಕಿ ಬೆಳಕಿನ ಗುರುತಿನ ಸಮೇತ ಸಿಕ್ಕಿದರೆ ಆ ಒಂದು ಗಾಜು ನಮ್ಮಲ್ಲೇ ಉಳಿಯುತ್ತಿತ್ತು; ಇಲ್ಲವಾದರೆ ಜಗದಾಂಬಾಳ ದುಡಿಮೆಯೆಲ್ಲ ನೀರುಪಾಲು. ನೋಡದೆ ಉಳಿದಿದ್ದದ್ದು ಒಂದೇ ಗಾಜಿನ ಒಂದು ಮೂಲೆ. ಅದು ಹಿಂದಿನ ದಿನದಿಂದ ಮೈಕ್ರೋಸ್ಕೋಪಿನ ಕೆಳಗೇ ಇತ್ತು.

"ದಾರಿ ಬಿಡಿ ಕೆಂಚಪ್ಪಣ್ಣ" ಎಂದಳು ಜಗದಾಂಬಾ.

"ಪೂಜೆಗಿಟ್ಟ ಆಯುಧ ಕಣಮ್ಮ. ಇವತ್ತು ಡ್ರೈವರ್‌ಗಳೇ ಸ್ಟೇರಿಂಗ್ ಮುಟ್ಟಲ್ಲ."

"ಮತ್ತೆ ನೀನು ಯಾವ ಬಸ್ಸಲ್ಲಿ ಬಂದೆಯೋ?" ಎಂದೆ ನಾನು.

"ಅದಕ್ಕಿನ್ನೂ ಪೂಜೆ ಆಗಿರ್ಲಿಲ್ಲ!" ಎಂದವನು, ಹುಡುಗಿಯ ಮುಖ ನೋಡಿ ಮೆತ್ತಗಾದ. "ಹೋಗ್ಲಿ, ಕೈಮುಗಿದು ಅಪ್ಪಣೆ ಕೇಳಿ."

ಅವಳು ಮೈಕ್ರೋಸ್ಕೋಪಿಗೆ ನಿಜವಾಗಿಯೂ ಕೈಮುಗಿದಳು.

ನಾನು ಕೂತೆ. ಅರ್ಧ ಮೂಲೆ ದಾಟುವಷ್ಟರಲ್ಲಿ ತಿರುಪು ತಿರುಗಿಸುವುದನ್ನು ನಿಲ್ಲಿಸಿದೆ. ಎಣಿಸಲಾರದಷ್ಟು ಗೆರೆಗಳು ಒಂದೇ ಬಿಂದುವಿನಿಂದ ಹೊರಟು, ಒಂದೇ ದಿಕ್ಕಿಗೆ ಪೊರಕೆಯಂತೆ ಹರಡಿದ್ದವು. ಅಂಥದ್ದನ್ನು ನಾನು ಕಂಡೇ ಇರಲಿಲ್ಲ.

"ಬಾರಮ್ಮ, ಬೇಗ ಬಾ!"

ಜಗದಾಂಬಾ ಕಣ್ಣಿಟ್ಟವಳೇ ಕಿರುಚಿದಳು. "ಎದೆಗೆ ಎದೆ! ಸಾರ್, ಬನ್ನಿ ಸಾರ್!"

ನಮ್ಮ ಪ್ರೊಫೆಸರ್ ಗುರುಬಸಪ್ಪನವರು ಪ್ರಸಾದದ ದೊನ್ನೆ ಹಿಡಿದುಕೊಂಡೇ ಓಡಿಬಂದರು. ನೋಡಿದರು. "ಭಾರಿ ಢಿಕ್ಕಿ ಕಣಮ್ಮ. ಆದ್ರೆ ಜೋಡಿಗೆರೆ ಎಲ್ಲಿ? ಮುಂದುಗಡೆ ಏನೋ ಕಪ್ಪಗೆ ಮುಚ್ಚಿದೆ. ಬೆಳಕಿನ ಗುರುತಿಲ್ದೆ ಗಾಜು ಕೊಡಿ ಅಂತ ಹೆಂಗೆ ಕೇಳೋದು?"

ಗೆರೆ ಸ್ಪಷ್ಟವಾಗಿ ಕಾಣಲೆಂದು ಗಾಜಿನ ಮೇಲೆ ಬಿಟ್ಟಿದ್ದ ಎಣ್ಣೆಯಲ್ಲಿ ಕುಂಕುಮ ಬಿದ್ದಿತ್ತು. ಎಲ್ಲರೂ ಕೆಂಚಪ್ಪನ ಕಡೆ ತಿರುಗಿದೆವು.

"ಒಂದು ಚಿಟಿಕೆ ಉದುರಿರ್ಬೇಕು ಸಾ."

"ಚಿಟಿಕೆನಾ? ಮದುವಣಗಿತ್ತಿಗೂ ಇಷ್ಟು ಇಡಲ್ಲ!" ಎಂದಳು ಜಗದಾಂಬಾ, ಅಳುವುದೋ ನಗುವುದೋ ತಿಳಿಯದೆ.

ಬಟ್ಟೆಯಲ್ಲಿ ಒರೆಸಿದರೆ ಕುಂಕುಮದ ಕಾಳು ಮಸಾಲೆಯನ್ನು ಗೀರಿ, ಗೆರೆಗಳನ್ನೇ ಅಳಿಸಿಬಿಡುತ್ತಿತ್ತು. ಅವಳು ಗಾಜನ್ನು ಓರೆಯಾಗಿ ಹಿಡಿದು, ಎಣ್ಣೆ ಕರಗಿಸುವ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಟ್ಟಳು. ಕೆಂಪು ನೀರು ನಿಧಾನವಾಗಿ ಅಂಚಿಗೆ ಜಾರಿತು. ಅಲ್ಲಿ ನಾನು ಹತ್ತಿ ಹಿಡಿದಿದ್ದೆ.

ಗಾಜನ್ನು ಮತ್ತೆ ಮೈಕ್ರೋಸ್ಕೋಪಿಗೆ ಇಟ್ಟೆವು. ಆಗಲೇ ಕೆಳಗೆ ಬಾಳೆಕಂದು ಕಟ್ಟಿದ ಲಾರಿಯೊಂದು ಗುರುಗುಟ್ಟಿತು. ನೋಟವೆಲ್ಲ ಅಲುಗಿಹೋಯಿತು. ಕೆಂಚಪ್ಪ ಮೆಟ್ಟಿಲು ಹಾರಿಕೊಂಡು ಇಳಿದ. "ಆಫ್ ಮಾಡೋ ಗುರು! ಮೇಲೆ ನಮ್ಮಮ್ಮಣ್ಣಿ ಬೆಳಕು ಎಣಿಸ್ತಾ ಅವಳೆ!"

ಲಾರಿ ನಿಂತಿತು. ಜಗದಾಂಬಾ ತಿರುಪು ತಿರುಗಿಸಿದಳು.

"ಒಂದು ಜೋಡಿ... ಇಲ್ಲೊಂದು. ಅಯ್ಯೋ, ಅಲ್ಲಿ ಇನ್ನೊಂದು! ಅಂಜನಮ್ಮ, ನೀವೇ ನೋಡಿ!"

ನೋಡಿದೆ. ಬರಿದಾದ ಜಾಗದಿಂದ ಕೂದಲೆಳೆಯಂಥ ಎರಡೆರಡು ಗೆರೆ ಹೊರಟಿದ್ದವು. ಮುಟ್ಟಿದರೆ ಬಿಸಿಯಾಗಿರಬಹುದೇನೋ ಅನ್ನಿಸಿತು.

"ಹಿಗ್ಗಬೇಡ" ಎಂದರು ಗುರುಬಸಪ್ಪನವರು, ತಾವೇ ಹಿಗ್ಗುತ್ತ. "ಹೆಚ್ಚಿನವು ಆಮೇಲೆ ಬೇರೆ ಕಣ ಒಡೆದು ಹುಟ್ಟಿದ ಬೆಳಕು. ಅದನ್ನೆಲ್ಲ ಕಳೆದ್ಮೇಲೆ ಉಳಿದ್ರೆ ತಾನೇ ಸಾರಿಂದು? ಇಂಥವು ಇನ್ನೂ ಎಷ್ಟೋ ಬೇಕು."

"ಕಳೀತೀನಿ ಸಾರ್. ಗಾಜು ಇಲ್ಲಿದ್ರೆ ತಾನೇ ಕಳೆಯೋದು?"

"ಇಲ್ಲೇ ಇರುತ್ತೆ. ನಾನು ಫೋನ್ ಮಾಡ್ತೀನಿ" ಎಂದು ದೊನ್ನೆಯನ್ನು ಅವಳ ಕೈಗೆ ಕೊಟ್ಟರು.

ಮರುದಿನ ಪೆಟ್ಟಿಗೆ ಹೊರಟಾಗ ಒಳಗೆ ಒಂದು ಗಾಜಿನ ಜಾಗ ಖಾಲಿ ಇತ್ತು. ಕೆಂಚಪ್ಪ ಮುಚ್ಚಳ ಹಾಕುವ ಮುಂಚೆ ಅದರಲ್ಲಿ ಒಂದು ಸೇವಂತಿಗೆ ಇಡಲು ಬಗ್ಗಿದ.

"ಕೆಂಚಪ್ಪಾ!" ಎಂದು ನಾನೂ ಜಗದಾಂಬಾಳೂ ಒಟ್ಟಿಗೇ ಕೂಗಿದೆವು.