ಅವ್ವನ ಹೆಸರಿನ ಪಾಯಿಂಟು

"ಎರಡು ಸಾವಿರ ಕಟ್ಟೋದಾ, ಬಿಡೋದಾ? ನೀನೇ ಹೇಳು ಸ್ವಾಮಿ" ಎಂದು ಅಣ್ಣ ಕೇಳಿದಾಗ ನನಗೆ ಹೆಮ್ಮೆಯಾಗಿತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಅಣ್ಣ ಭೀಮರಾಜ್ ಬಿ.ಕಾಂ. ಓದಿದವನು, ಅರಸೀಕೆರೆಯಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತ. ನಾನು ಒಂಬತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿ ಸ್ಟೇರಿಂಗ್ ಹಿಡಿದವನು. ರೈಲು ಇಳಿದು ಬೇಲೂರು ಹಳೇಬೀಡು ನೋಡಲು ಹೊರಟವರನ್ನು ಸುಮೋದಲ್ಲಿ ತುಂಬಿಕೊಂಡು ಹೋಗಿ ಸಂಜೆಗೆ ವಾಪಸು ತಂದು ಬಿಡುವುದು ನನ್ನ ಕೆಲಸ. ಅಂಥವನ ಹತ್ತಿರ ಅಣ್ಣ ಸಲಹೆ ಕೇಳುವುದೆಂದರೆ!

ಕೇಳಿದ್ದು ಕ್ರೆಡಿಟ್ ಕಾರ್ಡಿನ ವಿಷಯ. ವರ್ಷದ ಹಿಂದೆ, ಎರಡು ಸಾವಿರದ ಐದರ ಆಗಸ್ಟಿನಲ್ಲಿ, ಬ್ಯಾಂಕಿನವರೊಬ್ಬರು ಅವನ ಕಚೇರಿಗೇ ಬಂದು ಸಂಬಳದ ಚೀಟಿ ನೋಡಿ ಅದನ್ನು ಕೊಟ್ಟಿದ್ದರು. ಜೊತೆಗೆ ಮನೆಯವರೊಬ್ಬರ ಹೆಸರಲ್ಲಿ ಇನ್ನೊಂದು ಕಾರ್ಡು ಪುಕ್ಕಟೆ. ಅಣ್ಣ ಅದನ್ನು ನನ್ನ ಹೆಸರಿಗೆ ಮಾಡಿಸಿದ. ಉಬ್ಬಿದ ಅಕ್ಷರದಲ್ಲಿ ನನ್ನ ಹೆಸರು! ಕತ್ತಲಲ್ಲಿ ಬೆರಳಾಡಿಸಿದರೂ ಸಿಗುತ್ತಿತ್ತು. ಅವತ್ತಿನವರೆಗೆ ನನ್ನ ಹೆಸರು ಅಚ್ಚಾಗಿದ್ದು ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ.

"ಪೆಟ್ರೋಲ್ ಬಂಕಲ್ಲಿ ಇದನ್ನ ಉಜ್ಜಿದ್ರೆ ನೂರು ರೂಪಾಯಿಗೆ ನಾಲ್ಕು ಪಾಯಿಂಟು" ಎಂದಿದ್ದ ಅಣ್ಣ. "ಹನ್ನೆರಡು ಸಾವಿರ ಪಾಯಿಂಟ್ ಆದ್ರೆ ಇಬ್ರಿಗೆ ವಿಮಾನದ ಟಿಕೆಟ್ಟು, ದೇಶದೊಳಗೆ ಎಲ್ಲಿಗಾದ್ರೂ. ಅವ್ವನ್ನ ನಾಗಪುರಕ್ಕೆ ಕಳಿಸ್ಬೋದು ಕಣೋ."

ನಾಗಪುರ ಎಂದರೆ ನಮ್ಮ ಮನೆಯಲ್ಲಿ ಬೇರೇನೂ ಹೇಳಬೇಕಿಲ್ಲ. ಅಪ್ಪ ಗಾರೆ ಕೆಲಸದವನು. ನಾನು ಹುಟ್ಟಿದ ವರ್ಷ ದಸರಾಕ್ಕೆ ದೀಕ್ಷಾಭೂಮಿಗೆ ಹೋಗಿ ಬಂದ. ಅವ್ವನಿಗೂ ಟಿಕೆಟ್ ತೆಗೆಸಿದ್ದನಂತೆ. ನನಗೆ ಆಗ ಹದಿನೆಂಟು ದಿನ. ಅವ್ವ ಉಳಿದುಕೊಂಡಳು. ಬಾಬಾಸಾಹೇಬರು ನಿಂತು ಬೌದ್ಧ ದೀಕ್ಷೆ ತಗೊಂಡ ಜಾಗದ ಮಣ್ಣನ್ನು ಅಪ್ಪ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದ. ಅದು ಈಗಲೂ ಬುದ್ಧನ ಫೋಟೋದ ಕೆಳಗೆ ಒಂದು ಡಬ್ಬಿಯಲ್ಲಿದೆ. ಮುಂದಿನ ಸಲ ಹೋಗೋಣ ಎಂದಿದ್ದ ಅಪ್ಪ ಆ ಮುಂದಿನ ಸಲಕ್ಕೆ ಮುಂಚೆಯೇ ಹೋಗಿಬಿಟ್ಟ. ಅವ್ವ ಯಾವತ್ತೂ ನನ್ನನ್ನು ದೂರಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ನನ್ನೊಬ್ಬನ ಡೀಸೆಲಿನಲ್ಲಿ ಹನ್ನೆರಡು ಸಾವಿರ ಯಾವಾಗ ಆಗಬೇಕು? ಅದಕ್ಕೇ ಸ್ಟ್ಯಾಂಡಿನ ಡ್ರೈವರುಗಳ ಹತ್ತಿರ ಹೋದೆ. ಸ್ಟ್ಯಾಂಡಿನಲ್ಲಿ ಹಿರಿಯ ಮರಿಯಣ್ಣ. ಅಂಬಾಸಡರ್ ಓಡಿಸುತ್ತಾ ಮುದುಕನಾದವನು, ಅವನ ಮಾತು ಎಂದರೆ ಉಳಿದ ಮೂವರೂ ಕೇಳುತ್ತಿದ್ದರು.

"ಮರಿಯಣ್ಣ, ನೀವೆಲ್ಲ ಡೀಸೆಲ್ ದುಡ್ಡು ನನ್ ಕೈಗೆ ಕೊಡಿ, ನಾನು ಕಾರ್ಡ್ ಉಜ್ತೀನಿ. ನಿಮ್ಗೇನೂ ನಷ್ಟ ಇಲ್ಲ."

"ಏನ್ಲಾ, ಸಾವ್ಕಾರ ಆಗ್ಬುಟ್ಟೆ? ನಮ್ ದುಡ್ಡು, ನಮ್ ಡೀಸೆಲ್ಲು, ನಿನ್ ಕಾರ್ಡು!"

"ಅವ್ವನ್ನ ನಾಗಪುರಕ್ಕೆ ಕರ್ಕಂಡೋಗ್ಬೇಕು."

ಮರಿಯಣ್ಣ ಬೀಡಿ ಆರಿಸಿದ. "ಲಕ್ಕಮ್ಮಂಗಾ? ಮೊದ್ಲೇ ಹೇಳಕ್ಕೇನಾಗಿತ್ತು?" ಅವತ್ತಿನಿಂದ ಬೆಳಗ್ಗೆ ಆರೂವರೆಗೆ ಐದು ಗಾಡಿ ಬಂಕಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಮರಿಯಣ್ಣನಿಗೆ ಬೇರೆ ಬಂಕಿನಲ್ಲಿ ತಿಂಗಳ ಲೆಕ್ಕ ಇತ್ತು, ಅದನ್ನು ಬಿಟ್ಟು ನಮ್ಮ ಜೊತೆ ಬಂದ. ಬಂಕಿನ ಹುಡುಗಿ ಮೀನಾಕ್ಷಿ ನನ್ನನ್ನು ನೋಡಿದರೆ ಸಾಕು, "ಬಂದ್ರು ಪಾಯಿಂಟ್ ಪಾರ್ಟಿ" ಎನ್ನುತ್ತಿದ್ದಳು. ಐದು ಚೀಟಿಗೂ ನಾನೇ ಕನ್ನಡದಲ್ಲಿ ಸಹಿ ಹಾಕುತ್ತಿದ್ದೆ. ತಿಂಗಳ ಕೊನೆಗೆ ನೋಟಿನ ಕಂತೆಯನ್ನು ಅಣ್ಣನ ಕೈಗೆ ಕೊಡುತ್ತಿದ್ದೆ, ಅವನು ಬ್ಯಾಂಕಿಗೆ ಕಟ್ಟುತ್ತಿದ್ದ. ಒಂದು ಪೈಸೆ ಹೆಚ್ಚುಕಡಿಮೆ ಆಗಲಿಲ್ಲ. ಬಿಲ್ಲು ಮಾತ್ರ ಅವನ ಕಚೇರಿಗೆ ಬರುತ್ತಿತ್ತು. ಪಾಯಿಂಟ್ ಎಷ್ಟಾಯಿತಣ್ಣ ಎಂದರೆ "ಆಗ್ತಾ ಇದೆ, ಆಗ್ತಾ ಇದೆ" ಎನ್ನುತ್ತಿದ್ದ.

ಈಗ ವರ್ಷ ತುಂಬುತ್ತಾ ಬಂದಿತ್ತು. ಎರಡನೇ ವರ್ಷಕ್ಕೆ ಕಾರ್ಡು ಬೇಕೆಂದರೆ ಎರಡು ಸಾವಿರ ಶುಲ್ಕ, ಬಿಟ್ಟರೆ ಕೂಡಿದ ಪಾಯಿಂಟೂ ಹೋದಂತೆ. ವರ್ಷದೊಳಗೆ ನಾಲ್ಕು ಲಕ್ಷ ಉಜ್ಜಿದ್ದರೆ ಶುಲ್ಕ ಮಾಫಿ. ನಾವು ಇಪ್ಪತ್ತೆರಡು ಸಾವಿರ ಹಿಂದಿದ್ದೆವು, ಉಳಿದದ್ದು ಹದಿನೆಂಟು ದಿನ.

"ಕೊಬ್ಬರಿ ಮಂಡಿ ಷಡಕ್ಷರಪ್ಪನವರದು ಎರಡು ಲಾರಿ ಇದೆಯಲ್ಲ, ಅದಕ್ಕೂ ಉಜ್ಜಿಬಿಡು. ಆಗ್ಲಿಲ್ಲ ಅಂದ್ರೆ ಎರಡು ಸಾವಿರ ಕಟ್ಟಬೇಕಾಗುತ್ತೆ. ಕಟ್ಟಿದ್ರೆ ಲಾಭ ಇದೆಯಾ, ನೋಡು" ಎಂದ ಅಣ್ಣ.

ನಾನು ದಡ್ಡ ಇರಬಹುದು, ಲೆಕ್ಕ ಬರುತ್ತದೆ. ಅವತ್ತು ಹಳೇಬೀಡಿನಲ್ಲಿ ಪಾರ್ಟಿಯನ್ನು ಗುಡಿಗೆ ಬಿಟ್ಟು, ಕೆರೆ ಕಡೆ ಗಾಡಿ ನಿಲ್ಲಿಸಿಕೊಂಡು ಸಿಗರೇಟ್ ಪ್ಯಾಕಿನ ಹಿಂದೆ ಬರೆದೆ. ಮೂರು ಲಕ್ಷದ ಎಪ್ಪತ್ತೆಂಟು ಸಾವಿರಕ್ಕೆ ಹದಿನೈದು ಸಾವಿರದ ಮೇಲೆ ಪಾಯಿಂಟು. ಎರಡು ಟಿಕೆಟ್ ಬಂದು ಇನ್ನೂ ಮಿಗುತ್ತದೆ. ಟಿಕೆಟ್ ದುಡ್ಡು ಕೊಟ್ಟು ತಗೊಂಡರೆ ಹತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಎರಡು ಸಾವಿರ ಕೊಟ್ಟರೂ ಲಾಭವೇ. ಆದರೂ ಅಣ್ಣ ಓದಿದವನು, ಸರಿಯಾಗಿ ಕೇಳಿ ಹೇಳೋಣ ಎಂದು ಕಾರ್ಡಿನ ಬೆನ್ನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ.

ಕನ್ನಡದಲ್ಲೇ ಮಾತಾಡಿದಳು ಒಬ್ಬ ಹೆಣ್ಣುಮಗಳು. ಹುಟ್ಟಿದ ದಿನ ಕೇಳಿದಳು, ಹೇಳಿದೆ.

"ಸರ್, ನಿಮ್ಮ ಖಾತೆಯಲ್ಲಿ ಮೂರು ಸಾವಿರದ ನೂರಾ ಇಪ್ಪತ್ತು ಪಾಯಿಂಟ್ ಇದೆ."

"ಹದಿನೈದು ಇರ್ಬೇಕು ಮೇಡಂ. ಸರ್ಯಾಗಿ ನೋಡಿ."

"ಜೂನ್ ಹದಿನಾಲ್ಕನೇ ತಾರೀಕು ಹನ್ನೆರಡು ಸಾವಿರ ಪಾಯಿಂಟ್ ಬಳಸಿದಾರೆ ಸರ್. ಎರಡು ವಿಮಾನದ ಟಿಕೆಟ್. ಬೆಂಗಳೂರಿನಿಂದ ದೆಹಲಿ."

"ಯಾರ್ ಹೆಸ್ರಿಗೆ?"

"ಅದನ್ನ ಮೂಲ ಕಾರ್ಡುದಾರರಿಗೆ ಮಾತ್ರ ಹೇಳಬಹುದು ಸರ್."

ಹೇಳಬೇಕಾಗಿರಲಿಲ್ಲ. ಜುಲೈ ಮೊದಲ ವಾರ ಅಣ್ಣನನ್ನೂ ಅತ್ತಿಗೆ ಆಶಾರಾಣಿಯನ್ನೂ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವನು ನಾನೇ. ನನ್ನದೇ ಸುಮೋ, ನಾನೇ ಉಜ್ಜಿದ ಡೀಸೆಲ್. "ದೆಹಲೀಲಿ ಟ್ರೈನಿಂಗು, ಹೆಂಡ್ತಿನೂ ಕರ್ಕೊಂಡ್ ಬರಬಹುದು ಅಂದಿದಾರೆ, ಎಲ್ಲ ಆಫೀಸಿನವರೇ ಕೊಡ್ತಾರೆ" ಎಂದಿದ್ದ. ನಮ್ಮಣ್ಣನಿಗೆ ಕಚೇರಿಯವರು ವಿಮಾನ ಕೊಟ್ಟರು ಎಂದು ನಾನು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಅವ್ವನೂ ಬಂದಿದ್ದಳು ಅವತ್ತು, ಮುಂದಿನ ಸೀಟಿನಲ್ಲಿ. ಅವರು ಒಳಗೆ ಹೋದ ಮೇಲೆ ಗಾಡಿಯನ್ನು ಬೇಲಿಯ ಪಕ್ಕದ ರಸ್ತೆಗೆ ತಂದು ನಿಲ್ಲಿಸಿದೆ. ಅವ್ವ ತಂತಿ ಹಿಡಿದು ನಿಂತಳು. ವಿಮಾನ ಎದ್ದಾಗ ಸೆರಗು ತಲೆಯ ಮೇಲೆಳೆದುಕೊಂಡು, "ಎಷ್ಟ್ ದೊಡ್ಡದೈತಪ್ಪ!" ಎಂದಳು. "ದಸರಾಕ್ಕೆ ನೀನೂ ಇದ್ರಲ್ಲೇ ಹೋಗದು ಕಣವ್ವ" ಎಂದೆ ನಾನು. ಅವಳು ಮಾತಾಡಲಿಲ್ಲ. ಸದ್ದಿಗೆ ಕೇಳಿಸಲಿಲ್ಲವೇನೋ ಅಂದುಕೊಂಡಿದ್ದೆ.

ಸಂಜೆ ಪಾರ್ಟಿಯನ್ನು ಸ್ಟೇಷನ್ನಿಗೆ ಬಿಟ್ಟವನೇ ಅಣ್ಣನ ಮನೆಗೆ ಹೋದೆ. ಲುಂಗಿ ಉಟ್ಟು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದ.

"ಲೆಕ್ಕ ಹಾಕಿದ್ಯಾ?" ಎಂದ.

"ಹಾಕ್ದೆ. ಡೆಲ್ಲಿ ಹೆಂಗಿತ್ತಣ್ಣ?"

ಪೇಪರ್ ಮಡಚಿದ. "ಯಾರು ಹೇಳಿದ್ರು?"

"ನಿನ್ ಬ್ಯಾಂಕ್ನೋರು. ಟ್ರೈನಿಂಗು ಅಂದ್ಯಲ್ಲ? ಆಗ್ರಾಕ್ಕೋಗಿ ತಾಜ್‌ಮಹಲ್ ಮುಂದೆ ಫೋಟೋ ಹಿಡಿಸ್ಕಳೋ ಟ್ರೈನಿಂಗಾ?"

"ಮೆಲ್ಲಗೆ ಮಾತಾಡು. ಆಶಾ ಒಳಗಿದಾಳೆ." ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ: "ಅವಳ ತಂಗಿ ಗಂಡ ಮದುವೆಯಾದ ತಿಂಗಳಿಗೇ ವಿಮಾನದಲ್ಲಿ ಕರ್ಕೊಂಡು ಹೋದ. ಇವಳು ಐದು ವರ್ಷದಿಂದ ಬಾಯಿ ಬಿಟ್ಟು ಒಂದು ಮಾತು ಕೇಳಿಲ್ಲ. ಪಾಯಿಂಟ್ ಬಿದ್ದಿತ್ತು, ತಗೊಂಡೆ. ಮತ್ತೆ ಕೂಡುತ್ತೆ ಕಣೋ. ಅದಕ್ಕೇ ತಾನೆ ಶುಲ್ಕ ಕಟ್ಟೋಣ್ವಾ ಅಂತ ಕೇಳಿದ್ದು?"

"ನಾನು ಮತ್ತೆ ನಾಲ್ಕ್ ಜನದ್ ಮುಂದೆ ಕೈಯೊಡ್ಲಿ ಅಂತ?"

"ಕೈಯೊಡ್ಡೋದು ಏನ್ ಬಂತು? ನೀನು ಉಜ್ಜಿದೆ, ಸರಿ. ಕಾರ್ಡು ಯಾರ ಹೆಸರಲ್ಲಿದೆ? ನನ್ನ ಸಂಬಳ ನೋಡಿ ಕೊಟ್ಟಿದ್ದು. ನಾಳೆ ನೀವ್ಯಾರಾದ್ರೂ ದುಡ್ಡು ಕೊಡದೇ ಹೋಗಿದ್ರೆ ನನ್ನ ಬಾಗಿಲಿಗೆ ಬರ್ತಿದ್ರು, ನಿನ್ನ ಬಾಗಿಲಿಗಲ್ಲ."

"ಒಂದ್ ರೂಪಾಯಿ ನಿಲ್ಸಿದೀವಾ?"

"ಇಲ್ಲ. ಆದ್ರೂ ಹೆಸರು ನಂದು."

ಅಣ್ಣ ಕಾಲೇಜಿಗೆ ಹೋಗಲಿ ಎಂದು ನಾನು ಲಾರಿ ಕ್ಲೀನರ್ ಆಗಿದ್ದು ಯಾರ ಹೆಸರಲ್ಲಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅದನ್ನು ಕೇಳಿದರೆ ನಾನೂ ಲೆಕ್ಕಕ್ಕೆ ಕೂತಂತೆ. ಮೆಟ್ಟಿಲಿಳಿದೆ. ಆಗ ಹಿಂದಿನಿಂದ ಹೇಳಿದ:

"ಕದ್ದು ಮಾಡಿದ್ದಲ್ಲ ಕಣೋ. ಅವ್ವನ್ನ ಕೇಳಿದೀನಿ. ಅವ್ವ ಹೂಂ ಅಂದಿದಾಳೆ."

ಮನೆಗೆ ಎರಡು ಬೀದಿ. ಹೇಗೆ ಬಂದೆನೋ ಗೊತ್ತಿಲ್ಲ. ಅವ್ವ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ನನ್ನ ಮುಖ ನೋಡಿದ್ದೇ ಮೊರ ಪಕ್ಕಕ್ಕಿಟ್ಟಳು.

"ಗೊತ್ತಾಯ್ತಾ?" ಎಂದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಅವ್ನು ಬಂದು ಕೇಳ್ದ. ನಿನ್ ಹೆಸ್ರಲ್ಲಿ ಕೂಡ್ಸಿದ್ದು ಐತೆ, ಈ ಸಲ ಆಶಂಗೆ ಬಿಟ್ಕೊಡವ್ವ ಅಂದ. ನನ್ ಹೆಸ್ರಲ್ಲಿ ಏನೈತೆ ಅಂತ ನಂಗೆ ನಗು ಬಂತು. ಹೂಂ ತಗೊಳಪ್ಪ ಅಂದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅರ್ಧ ದಾರೀಲಿ ಗಾಡಿ ತಿರುಗಿಸ್ತಿದ್ದೆ. ಆ ಹುಡುಗಿ ಸೂಟ್‌ಕೇಸ್ ತುಂಬಿ ವಾರ ಆಗಿತ್ತು. ಹೊಸ ಚಪ್ಲಿ ಬೇರೆ ತಗಂಡಿದ್ಲು."

"ಬೇಲಿ ಹತ್ರ ನಿಂತ್ಕಂಡು ದಸರಾಕ್ಕೆ ಹೋಗದು ಅಂದ್ನಲ್ಲ, ಆವಾಗ್ಲಾದ್ರೂ?"

ಅವ್ವ ಸೊಪ್ಪಿನ ಕಡ್ಡಿಯೊಂದನ್ನು ಮುರಿದಳು, ಮತ್ತೆ ಮುರಿದಳು. "ಅವ್ನು ದೊಡ್ಡ ಮಗ, ಕೇಳ್ದ, ಕೊಟ್ಟೆ. ನೀನು ಕೇಳಿದ್ರೂ ಕೊಡ್ತಿದ್ದೆ."

ನಾನು ಯಾವತ್ತೂ ಕೇಳಿರಲಿಲ್ಲ, ಅದೇ ತಪ್ಪಾಯಿತು. ಅಣ್ಣನ ಮೇಲಿದ್ದ ಸಿಟ್ಟಿಗೆ ಒಂದು ಆಕಾರವಿತ್ತು, ಬೈಯಬಹುದಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು. ಇದಕ್ಕೆ ಏನು ಮಾಡಬೇಕು? ಅವಳಿಗಾಗಿ ಮೂರೂಮುಕ್ಕಾಲು ಲಕ್ಷದ ಚೀಟಿಗಳಿಗೆ ಸಹಿ ಹಾಕಿದ್ದೆ. ಅವಳು ಒಂದು ಹೂಂ ಅಂದು ಅದನ್ನೆಲ್ಲ ದಾಟಿಸಿಬಿಟ್ಟಿದ್ದಳು. ಅವತ್ತು ಮನೆಯಲ್ಲಿ ಊಟ ಮಾಡಲಿಲ್ಲ. ಅವಳು ಕರೆಯಲೂ ಇಲ್ಲ.

ಬೆಳಗ್ಗೆ ಆರೂವರೆಗೆ ಬಂಕಿನಲ್ಲಿ ನಾಲ್ಕೂ ಗಾಡಿ ನಿಂತಿದ್ದವು, ಷಡಕ್ಷರಪ್ಪನವರ ಲಾರಿಯೂ ಬಂದಿತ್ತು. ಅಣ್ಣನೇ ಹೇಳಿ ಕಳಿಸಿದ್ದಿರಬೇಕು. ಮರಿಯಣ್ಣ ನೋಟು ಎಣಿಸಿ ನನ್ನ ಕಡೆ ಚಾಚಿದ.

"ಮೀನಾಕ್ಷಿಗೇ ಕೊಡಣ್ಣ. ಇವತ್ತಿಂದ ಉಜ್ಜದಿಲ್ಲ."

"ಯಾಕ್ಲಾ? ಪಾಯಿಂಟ್ ತುಂಬ್ತಾ?"

ಸುಳ್ಳು ಹೇಳಬಹುದಿತ್ತು. ಆದರೆ ಅವರು ವರ್ಷವಿಡೀ ದುಡ್ಡು ಕೊಟ್ಟಿದ್ದು ನನ್ನ ಮಾತಿಗೆ. ನಡೆದದ್ದನ್ನೆಲ್ಲ ಹೇಳಿದೆ. ಪೈಪು ಹಿಡಿದಿದ್ದ ಮೀನಾಕ್ಷಿ ಅದನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದಳು. ಮರಿಯಣ್ಣ ಚಾಚಿದ ನೋಟನ್ನು ಹಿಂದಕ್ಕೆ ತಗೊಂಡ.

"ಹಂಗಾರೆ ನಾವ್ ಐದ್ ಜನ ಸೇರ್ಕಂಡು ನಿಮ್ಮತ್ಗೆನ ಡೆಲ್ಲಿಗೆ ಕಳ್ಸಿದ್ವಾ?"

ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು, ನಗುವಿನದೇ ಎಂದು ಅವರು ತಿಳಿಯಲಿ ಎಂದು ನಾನೂ ಹಲ್ಲು ಬಿಟ್ಟೆ. ಮರಿಯಣ್ಣ ನಗು ನಿಲ್ಲಿಸಿ, "ಲಕ್ಕಮ್ಮನ್ ಮ್ಯಾಲೆ ಕೂಗಾಡ್ಬೇಡ ಕಣ್ಲಾ" ಎಂದ.

ಬಂಕಿನಿಂದ ಸೀದಾ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿಗೆ ಹೋದೆ. ನಾಗಪುರಕ್ಕೆ ನಡುವೆ ಒಂದು ಕಡೆ ರೈಲು ಬದಲಿಸಬೇಕು, ದಸರಾಕ್ಕೆ ಸ್ಲೀಪರಿನಲ್ಲಿ ಇನ್ನೂ ಜಾಗ ಇದೆ ಎಂದರು. ಅರ್ಜಿಯಲ್ಲಿ ಆರು ಜನರಿಗೆ ಸಾಲುಗಳಿದ್ದವು. ಎರಡು ತುಂಬಿದೆ. ದುಡ್ಡು ತೆಗೆಯಲು ಪರ್ಸ್ ಬಿಚ್ಚಿದರೆ ಮೊದಲು ಬೆರಳಿಗೆ ಸಿಕ್ಕಿದ್ದು ಉಬ್ಬಿದ ಅಕ್ಷರಗಳು. ಅದನ್ನು ಸರಿಸಿ ನೋಟು ಎಳೆದೆ.

ಟಿಕೆಟ್ ಜೇಬಿಗಿಡುವಷ್ಟರಲ್ಲಿ ಅಣ್ಣನ ಫೋನು.

"ಲಾರಿಯವನು ಕ್ಯಾಶ್ ಕೊಟ್ಟು ಹೋದನಂತೆ? ಏನೋ ಇದು? ಶುಲ್ಕ ಬೀಳುತ್ತೆ ಕಣೋ!"

"ಕಟ್ಟಣ್ಣ. ನಿನ್ ಹೆಸ್ರಿನ್ ಕಾರ್ಡು."

"ಎರಡು ಸಾವಿರ ದಂಡ ಆಗುತ್ತೆ. ಲೆಕ್ಕ ಹಾಕಿದೀನಿ ಅಂದ್ಯಲ್ಲ, ಲಾಭ ಇದೆ ಅಂತ?"

"ನಿಂಗೈತೆ. ಇನ್ನೊಂದ್ಸಲ ಡೆಲ್ಲಿಗೆ ಹೋಗ್ಬೋದು. ಉಜ್ಜೋರ್ನ ಹುಡುಕ್ಕ."

ದಾರಿಯಲ್ಲಿ ಅವನ ಮನೆಯ ಕಿಟಕಿ ಸರಳುಗಳ ನಡುವೆ ಕಾರ್ಡನ್ನು ಒಳಗೆ ತೂರಿಸಿದೆ. ಸಿಮೆಂಟಿನ ನೆಲದ ಮೇಲೆ ಬಿದ್ದ ಸದ್ದು ಕೇಳಿಸಿತು. ಒಳಗಿನಿಂದ ಅತ್ತಿಗೆ "ಯಾರದು?" ಎಂದಳು. ನಿಲ್ಲಲಿಲ್ಲ.

ಅವ್ವ ನಿನ್ನೆ ಕೂತಲ್ಲೇ ಕೂತಿದ್ದಳು. ಟಿಕೆಟ್ ಅವಳ ಮಡಿಲಿಗೆ ಹಾಕಿದೆ.

"ಏನಪ್ಪ ಇದು?"

"ನಾಗಪುರ. ರೈಲು."

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಓದು ಬರುವುದಿಲ್ಲ. "ಭೀಮಂಗೂ ತಗಂಡ್ಯಾ?"

ಅಷ್ಟೆಲ್ಲ ಆದ ಮೇಲೂ ಅದೇ ಮೊದಲ ಮಾತು! "ಅವ್ನು ವಿಮಾನದಲ್ಲಿ ಬತ್ತಾನೆ ಬಿಡು" ಎಂದೆ. ಅವಳು ನಗಲಿಲ್ಲ. ನನ್ನ ಸಿಟ್ಟು ಇಳಿದಿಲ್ಲ ಎಂದು ಅವಳಿಗೆ ಗೊತ್ತಾಯಿತು, ಇಳಿಸುವ ಮಾತನ್ನು ಅವಳೂ ಆಡಲಿಲ್ಲ. ಟಿಕೆಟನ್ನು ನನ್ನ ಕಡೆ ಹಿಡಿದಳು.

"ಇದ್ರಲ್ಲಿ ನನ್ ಹೆಸ್ರು ಎಲ್ಲೈತೆ?"

"ಮೊದಲ್ನೇ ಸಾಲು ನಿಂದೇ. ಹೆಸ್ರು ರೈಲ್ನೋರ ಪಟ್ಟೀಲೈತೆ" ಎಂದೆ.

"ಇದನ್ನ ಯಾರಾದ್ರೂ ಕೇಳಿದ್ರೆ ಕೊಡಕ್ಕಾಗುತ್ತಾ?"

"ಆಗದಿಲ್ಲ."

ಅವ್ವ ಆ ಸಾಲಿನ ಮೇಲೆ ಬೆರಳಾಡಿಸಿದಳು. ಅಕ್ಷರ ಉಬ್ಬಿರಲಿಲ್ಲ, ಕೈಗೆ ಏನೂ ಸಿಕ್ಕಿರಲಾರದು. ಎದ್ದು ಒಳಗೆ ಹೋಗಿ, ಬುದ್ಧನ ಫೋಟೋದ ಕೆಳಗಿನ ಮಣ್ಣಿನ ಡಬ್ಬಿಯನ್ನು ಎತ್ತಿ, ಟಿಕೆಟನ್ನು ಅದರಡಿ ಇಟ್ಟಳು.