ಗಾಡಿ ಬಾರದ ದಿನ

ಆ ವೃದ್ಧಾಶ್ರಮದಲ್ಲಿ ಯಾರೂ ಸಾಯುತ್ತಿರಲಿಲ್ಲ. ಹಾಗಂತ ಮ್ಯಾನೇಜರ್ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ. ಹದಿನೆಂಟು ವರ್ಷದಲ್ಲಿ ಕಟ್ಟಡದೊಳಗೆ ಒಂದೇ ಒಂದು ಸಾವಿಲ್ಲ ಎಂದರೆ ಸಾಮಾನ್ಯದ ಮಾತೇ? ಗುಟ್ಟು ಮಾತ್ರ ಬಹಳ ಸರಳವಾಗಿತ್ತು. ಉಸಿರು ಏರುಪೇರಾದ ಕೂಡಲೇ ಆಂಬ್ಯುಲೆನ್ಸ್ ಕರೆಸಿ ಸಾಗಹಾಕುವುದು. ಆಮೇಲೆ ದಾರಿಯಲ್ಲಿ ಸಾಯಲಿ, ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ಸಾಯಲಿ, ಆ ತಲೆನೋವು ಆಸ್ಪತ್ರೆಯವರದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸತ್ತದ್ದು ಮನುಷ್ಯರು ಮಾತ್ರ.

ಕಳಿಸುವುದಕ್ಕೂ ಒಂದು ಕ್ರಮವಿತ್ತು. ಗಾಡಿ ಬರುವ ಮೊದಲು ಮೈ ಒರೆಸಿ, ಒಗೆದ ಬಟ್ಟೆ ಹಾಕಿ, ತಲೆ ಬಾಚಬೇಕು. 'ಗಲೀಜಾಗಿ ಇಟ್ಟಿದ್ದಾರೆ' ಎಂದು ಆಸ್ಪತ್ರೆಯವರು ಬರೆದುಬಿಟ್ಟರೆ ಆಶ್ರಮದ ಮಾನ ಏನಾಗಬೇಕು! ಈ ಕೆಲಸ ಆಯಾಳದು. ಆಶ್ರಮ ಶುರುವಾದ ವರ್ಷವೇ ಸೇರಿದವಳು ಅವಳು. ಹಿಂದೆ ಒಮ್ಮೆ ಒಬ್ಬ ನಿವೃತ್ತ ಕಂಡಕ್ಟರ್ ವಿಷಯ ಗೊತ್ತಾಗಿ ಮಂಚದ ಕಂಬಿಯನ್ನು ಹಿಡಿದುಕೊಂಡುಬಿಟ್ಟಿದ್ದ. ಬಿಡಿಸಲು ಮೂವರು ಬೇಕಾದರು, ಒಂದು ಉಗುರೂ ಕಿತ್ತು ಬಂತು. ಅಂದಿನಿಂದ ಮ್ಯಾನೇಜರ್ ಆಯಾಳಿಗೆ ಒಂದು ವಾಕ್ಯ ಕಲಿಸಿಕೊಟ್ಟಿದ್ದ: "ಎಲ್ಲೂ ಕಳಿಸಲ್ಲ, ಮೈ ಹಗುರ ಆಗ್ಲಿ ಅಂತ ಅಷ್ಟೇ." ಹೇಳಿ ಹೇಳಿ ಅದು ಅವಳ ನಾಲಿಗೆಗೆ ಅಂಟಿಕೊಂಡಿತ್ತು. ಆದರೆ ಮುದುಕರು ಕಿವಿಗೆ ಹೂವಿಟ್ಟುಕೊಂಡು ಕೂತಿರಲಿಲ್ಲ. ಬೆಳಗಿನ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಆಯಾ ಬಾಚಣಿಗೆ ಹಿಡಿದು ಬಂದಳೆಂದರೆ ಯಾರದೋ ಟಿಕೆಟ್ ಹರಿಯಿತು ಎಂದು ಎಲ್ಲರಿಗೂ ಗೊತ್ತಿತ್ತು.

ಮೂರನೇ ಕೋಣೆಯಲ್ಲಿ ಎರಡು ಮಂಚ. ಬಾಗಿಲ ಪಕ್ಕದ್ದು ಟೆಲಿಫೋನಜ್ಜಿಯದು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಕೇಳಿಸಿಕೊಂಡ ಕಿವಿ ಅದು. ಆಫೀಸಿನಲ್ಲಿ ಪಿಸುಗುಟ್ಟಿದ್ದು ಕೂಡ ಅವಳಿಗೆ ಕೇಳಿಸುತ್ತಿತ್ತು. ಕಿಟಕಿ ಪಕ್ಕದ ಮಂಚ ದರ್ಜಿ ಅಜ್ಜಿಯದು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದೇ ಬದುಕು ಸವೆಸಿದವಳು. ಈಗ ಹೊಟ್ಟೆಯಲ್ಲಿ ಗಡ್ಡೆ. ನೋವು ಬಂದಾಗ ಕೂಗುತ್ತಿರಲಿಲ್ಲ, ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಮಡಿಸಿ ಮಡಿಸಿ ಒತ್ತುತ್ತಿದ್ದಳು, ಹೊಲಿಗೆಗೆ ಅಣಿ ಮಾಡುವವಳ ಹಾಗೆ. ಎಷ್ಟು ಬಿಗಿಯಾಗಿ ಒತ್ತುತ್ತಾಳೆ ಎಂದು ನೋಡಿಯೇ ಆಯಾ ನೋವನ್ನು ಅಳೆಯುತ್ತಿದ್ದಳು.

ಆ ಕೋಣೆಯಿಂದ ಹನ್ನೊಂದು ಜನ ಹೋದದ್ದನ್ನು ದರ್ಜಿ ಅಜ್ಜಿ ಕಣ್ಣಾರೆ ಕಂಡಿದ್ದಳು. ಒಂದು ದಿನ ಆಯಾಳ ಕೈ ಹಿಡಿದು ಕೇಳಿಯೇಬಿಟ್ಟಳು.

"ಏನೇ, ನನ್ನನ್ನೂ ಬಾಚಿ ಕಳಿಸ್ತೀಯಾ?"

"ನಿಮ್ಮನ್ನ ಕಳಿಸಿದ್ರೆ ನನ್ನ ಅಂಗಿ ಹೊಲಿಗೆ ಬಿಟ್ಟಾಗ ಯಾರ ಹತ್ರ ಹೋಗ್ಲಿ ಅಜ್ಜಿ?"

"ತಮಾಷೆ ಸಾಕು. ಆಸ್ಪತ್ರೆ ಕಾರಿಡಾರಲ್ಲಿ ನಾನು ಸಾಯಲ್ಲ. ಈ ಕಿಟಕಿ, ಈ ಮಂಚ, ಪಕ್ಕದಲ್ಲಿ ಈ ಬಾಯಿಬಡುಕಿ. ಇಷ್ಟಿದ್ರೆ ಸಾಕು ನಂಗೆ. ಆದ್ರೆ ಯಾರು ಕೇಳ್ತಾರೆ? ಕೋಳಿ ಕೇಳಿ ಮಸಾಲೆ ಅರೀತಾರಾ?"

"ನಾನು ಕೇಳ್ತಿದ್ದೀನಲ್ಲ."

"ಹಾಗಾದ್ರೆ ಮಾತು ಕೊಡು."

ಆಯಾ ಮಾತು ಕೊಟ್ಟಳು. ಕೊಟ್ಟ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ, ಯಾಕೆಂದರೆ ಮಾತು ಕೊಡುವ ಅಧಿಕಾರ ಅವಳಿಗಿರಲಿಲ್ಲ.

ಪ್ರತಿ ಗುರುವಾರ ಒಬ್ಬ ನರ್ಸ್ ಬರುತ್ತಿದ್ದಳು. ವಾಸಿಯಾಗದವರ ನೋವು ಕಡಿಮೆ ಮಾಡುವುದೇ ಅವಳ ಕೆಲಸ, ಹಾಗಾಗಿ ಎಲ್ಲರ ಬಾಯಲ್ಲಿ ಅವಳು ನೋವಿನ ನರ್ಸ್. ಮೂರು ದೇಶಗಳ ವೃದ್ಧಾಶ್ರಮಗಳಲ್ಲಿ ದುಡಿದು ಬಂದವಳು. ಆಯಾ ಅವಳನ್ನು ಗೇಟಿನ ಹತ್ತಿರ ಅಡ್ಡಹಾಕಿದಳು.

"ಬೇರೆ ಕಡೆ ಏನು ಮಾಡ್ತಾರೆ ಸಿಸ್ಟರ್?"

"ಒಂದು ಕಡೆ ಆಶ್ರಮದಲ್ಲೇ ಮಾರ್ಫಿನ್ ಇಟ್ಕೊಂಡಿರ್ತಾರೆ, ಮನುಷ್ಯ ತನ್ನ ಹಾಸಿಗೇಲೇ ಕಣ್ಣು ಮುಚ್ತಾನೆ. ಇನ್ನೊಂದು ಕಡೆ ಔಷಧಿ ಇದೆ, ಕೊಡೋ ಧೈರ್ಯ ಇಲ್ಲ. ಮೂರನೇ ಕಡೆ ಕಾಯಿಲೆ ಏನು ಅಂತ ರೋಗಿಗೇ ಹೇಳಲ್ಲ."

"ನಮ್ಮ ಕಡೆ?"

"ನಿಮ್ಮ ಕಡೆ ತಲೆ ಬಾಚಿ ಕಳಿಸ್ತೀರಿ," ಎಂದಳು ನರ್ಸ್. ಆಯಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ದರ್ಜಿ ಅಜ್ಜಿಯನ್ನು ಇಲ್ಲೇ ಇರಗೊಡಿ ಎಂದು ಅಲ್ಲಿಂದ ಎರಡು ತಿಂಗಳು ಇಬ್ಬರೂ ಮ್ಯಾನೇಜರನ ಬೆನ್ನು ಬಿಡಲಿಲ್ಲ. ಡಾಕ್ಟರ್ ಸಹಿ ತನ್ನಿ ಎಂದ, ತಂದರು. ಸಂಬಂಧಿಕರ ಸಹಿ ಎಲ್ಲಿ ಎಂದ. ಅಜ್ಜಿಯ ತಂಗಿಯ ಮಗಳನ್ನು ಹುಡುಕಿ ಅದನ್ನೂ ತಂದರು. ಮಾರ್ಫಿನ್ ಇಡಲು ಎರಡು ಬೀಗದ ಕಪಾಟು ಬೇಕು ಎಂದ. ನರ್ಸ್ ಕಪಾಟನ್ನೇ ಆಟೋದಲ್ಲಿ ಹೇರಿಕೊಂಡು ಬಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಪೂಜಾರಿಯೂ ಕೊನೆಗೆ ಸುಸ್ತಾಗಿ ಕೊಟ್ಟ. 'ಸ್ಥಳಾಂತರಿಸಬಾರದು' ಎಂಬ ಕಾಗದ ಅಜ್ಜಿಯ ತಲೆಯ ಮೇಲಿನ ಗೋಡೆಗೆ ಬಂತು. ಮೊದಲ ಸಲ ಔಷಧಿಯ ಹನಿ ನಾಲಿಗೆಗೆ ಬಿದ್ದ ಅರ್ಧ ಗಂಟೆಗೆ ಅಂಚು ಮಡಿಸುತ್ತಿದ್ದ ಬೆರಳುಗಳು ನಿಂತವು. ಆಯಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಕಾಗದವನ್ನು ಓದಿ ಹೇಳಿದಾಗ ಅಜ್ಜಿ ಕೈ ಬೀಸಿದಳು. "ಕಾಗದ ಹರಿಯುತ್ತೆ ಬಿಡೇ. ನಂಗೆ ನಿನ್ನ ಮಾತೇ ಸಾಕು."

ಒಂದು ಮಂಗಳವಾರ ಬೆಳಗ್ಗೆಯೇ ಉಸಿರಿನ ನಡುವೆ ಅಂತರ ಬಿದ್ದಿತು. ನರ್ಸ್ ಫೋನಿನಲ್ಲಿ, "ಇವತ್ತೋ ನಾಳೆಯೋ ಅಷ್ಟೇ. ಹನಿ ತಪ್ಪಿಸಬೇಡಿ, ತುಟಿ ಒದ್ದೆ ಮಾಡ್ತಾ ಇರಿ," ಎಂದಳು. ಮ್ಯಾನೇಜರ್ ಎರಡು ಸಲ ಫೋನಿನ ಹತ್ತಿರ ಹೋಗಿ, ಎರಡು ಸಲವೂ ಆಯಾಳ ಮುಖ ನೋಡಿ ವಾಪಸ್ಸಾದ. ಮಧ್ಯಾಹ್ನ ತಂಗಿಯ ಮಗಳು ನಾಲ್ಕು ಗಂಟೆಗೆ ಬರುತ್ತೇನೆಂದು ತಿಳಿಸಿದಳು.

ಬರುವವಳು ನೋಡಿದಾಗ ಅಜ್ಜಿ ಲಕ್ಷಣವಾಗಿರಬೇಕು ಅನ್ನಿಸಿತು ಆಯಾಳಿಗೆ. ಬಿಸಿನೀರು ತಂದಳು. ಅಜ್ಜಿ ತನ್ನ ಕೈಯಾರೆ ಹೊಲಿದು ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಹಸಿರು ನಿಲುವಂಗಿ ತೆಗೆದಳು. ಮೈ ಒರೆಸಿ, ಮಂಪರಿನಲ್ಲಿದ್ದವಳ ಕೈಗಳನ್ನು ಮೆಲ್ಲಗೆ ತೋಳಿಗೆ ತೂರಿಸಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳು ಒಬ್ಬರನ್ನು ಹೊರಗೆ ಕಳಿಸಲು ಅಲ್ಲ, ಒಳಗೆ ಬರುವವರಿಗಾಗಿ ಸಿಂಗರಿಸುತ್ತಿದ್ದಳು. ಆ ಸಂತೋಷದಲ್ಲಿ ಬೇರೇನೂ ಹೊಳೆಯಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದಳು.

ಅದರ ಹಲ್ಲು ನೆತ್ತಿಗೆ ತಾಗಿದ್ದೇ ತಡ, ದರ್ಜಿ ಅಜ್ಜಿ ಕಣ್ಣು ಬಿಟ್ಟಳು. ತನ್ನ ತೋಳಿನ ಹಸಿರು ಬಟ್ಟೆ ನೋಡಿದಳು. ಬಾಚಣಿಗೆ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು.

"ಗಾಡಿ ಬಂತಾ?"

"ಎಲ್ಲೂ ಕಳಿಸಲ್ಲ ಅಜ್ಜಿ, ಮೈ ಹಗುರ ಆಗ್ಲಿ ಅಂತ ಅಷ್ಟೇ."

ಬಾಯಿಂದ ಬಿದ್ದ ಮೇಲೆಯೇ ಆಯಾಳಿಗೆ ತನ್ನ ಮಾತು ಕೇಳಿಸಿದ್ದು. ಹನ್ನೊಂದು ಜನಕ್ಕೆ ಇದೇ ಕೋಣೆಯಲ್ಲಿ, ಇದೇ ದನಿಯಲ್ಲಿ ಹೇಳಿದ್ದ ಸುಳ್ಳು ಅದು. ಇವತ್ತು ನಿಜವಾಗಿತ್ತು. ನಿಜ ಹೇಳಲು ಅವಳ ಹತ್ತಿರ ಬೇರೆ ಮಾತೇ ಉಳಿದಿರಲಿಲ್ಲ.

"ನೀನೂನಾ?" ಎಂದಳು ಅಜ್ಜಿ. ಕೈ ಹೊದಿಕೆಯೊಳಗಿಂದ ಹೊರಬಂದು ಮಂಚದ ಕಂಬಿಯನ್ನು ಹಿಡಿಯಿತು.

"ಇಲ್ಲ ಅಜ್ಜಿ, ದೇವರಾಣೆ! ನಿಮ್ಮ ತಂಗಿ ಮಗಳು ಬರ್ತಾಳೆ ಅಂತ ಬಾಚಿದ್ದು. ನೋಡಿ, ಕಾಗದ ಗೋಡೆ ಮೇಲೇ ಇದೆ!" ಆಯಾ ಕಾಗದವನ್ನು ಕಿತ್ತು ಕಣ್ಣ ಮುಂದೆ ಹಿಡಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಆಯಾ ಪಕ್ಕದ ಮಂಚಕ್ಕೆ ತಿರುಗಿ ಗೋಗರೆದಳು. "ನೀವಾದ್ರೂ ಹೇಳಿ, ನಿಮ್ಮ ಮಾತು ನಂಬ್ತಾರೆ!"

ಟೆಲಿಫೋನಜ್ಜಿ ಆಯಾಳ ಕೈಯಲ್ಲಿದ್ದ ಬಾಚಣಿಗೆಯನ್ನೇ ನೋಡುತ್ತಿದ್ದಳು. ಬಾಯಿ ಬಿಡಲಿಲ್ಲ.

ಆಯಾ ಆಮೇಲೆ ಮಾಡಿದ್ದನ್ನು ಹೊರಗಿನವರು ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದರು. ಮೈ ಒರೆಸುವಾಗ ಬಿಚ್ಚಿ ಬಕೆಟ್ಟಿಗೆ ಹಾಕಿದ್ದ ಹಳೇ ಅಂಗಿಯನ್ನು ಹೆಕ್ಕಿ, ಒಂದು ಕೈಯನ್ನು ಕಂಬಿಯಿಂದ ಬಿಡಿಸಲಾಗದೆ ಹಸಿರು ನಿಲುವಂಗಿಯ ಆ ಕಡೆಯ ತೋಳನ್ನು ಕತ್ತರಿಸಿ ನಿಲುವಂಗಿಯನ್ನು ಮೈಯಿಂದ ತೆಗೆದು, ಆ ಹಳೆಯದನ್ನೇ ಮೈಮೇಲೆ ಹೊದಿಸಿದಳು. ಬಾಚಿದ ಕೂದಲನ್ನು ಬೆರಳಿನಿಂದ ಕೆದರಿದಳು. "ನೋಡಿ ಅಜ್ಜಿ, ಮೊದಲಿನ ಥರಾನೇ ಇದ್ದೀರಿ, ಎಲ್ಲಿಗೂ ಹೋಗ್ತಿಲ್ಲ," ಎಂದು ಕಿವಿಯ ಹತ್ತಿರ ಮತ್ತೆ ಮತ್ತೆ ಹೇಳಿದಳು. ಕಣ್ಣು ತೆರೆಯಲಿಲ್ಲ. ಬೆರಳುಗಳು ಸಡಿಲವಾಗಲಿಲ್ಲ.

ನಾಲ್ಕು ಗಂಟೆಗೆ ಬಂದ ತಂಗಿಯ ಮಗಳು ಬಾಗಿಲಲ್ಲೇ ನಿಂತಳು.

"ಇದೇನು, ಇಷ್ಟು ಗಲೀಜಾಗಿ ಇಟ್ಟಿದ್ದೀರಾ ದೊಡ್ಡಮ್ಮನ್ನ? ಒಂದು ತಲೆ ಬಾಚೋಕೂ ಆಗಲ್ವಾ ನಿಮ್ಮ ಕೈಲಿ?"

ಆಯಾ ತಲೆ ತಗ್ಗಿಸಿದಳು. ಬೈಗುಳ ಸಾಲದು ಅನ್ನಿಸಿತು.

ಐದೂವರೆಗೆ ದರ್ಜಿ ಅಜ್ಜಿ ಹೋದಳು. ತನ್ನ ಮಂಚದಲ್ಲಿ, ತನ್ನ ಕಿಟಕಿಯ ಪಕ್ಕದಲ್ಲಿ, ಗಾಡಿ ಬರುತ್ತದೆಂದು ಕಾಯುತ್ತ. ಕಂಬಿಯಿಂದ ಬೆರಳು ಬಿಡಿಸುವ ಕೆಲಸ ಆಯಾಳದೇ ಆಯಿತು. ಒಂದೊಂದಾಗಿ ಬಿಡಿಸಿದಳು, ಉಗುರಿಗೆ ನೋವಾಗದ ಹಾಗೆ.

ಮ್ಯಾನೇಜರ್ ಅಂಜುತ್ತಲೇ ಬಂದವನು, ಏನೂ ಗಲಾಟೆಯಾಗಿಲ್ಲ ಎಂದು ಕಂಡು ಗೆಲುವಾದ. ಸಾವಿನ ವರದಿಯ ನಮೂನೆಯ ಕೊನೆಯ ಅಂಕಣ ತುಂಬಲು ಆಯಾಳನ್ನೇ ಕೇಳಿದ. "ಹೇಗೆ ಹೋದ್ರು? ಶಾಂತವಾಗಿ ತಾನೇ?" ಅವಳು ಉತ್ತರಿಸುವ ಮೊದಲೇ ಬರೆದುಕೊಂಡ. "ಭೇಷ್ ಕಣಮ್ಮಾ. ಮುಂದಿನವರಿಗೂ ಹೀಗೇ ಮಾಡೋಣ."

ಮಂಚ ಖಾಲಿಯಾದ ಮೇಲೆ ಆಯಾ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಟೆಲಿಫೋನಜ್ಜಿ ಆ ದಿನ ಮೊದಲ ಸಲ ಮಾತಾಡಿದಳು.

"ಗಾಡಿ ನಿಜವಾಗ್ಲೂ ಬರ್ತಿರಲಿಲ್ವಾ?"

"ಇಲ್ಲ."

"ಆಫೀಸಿಂದ ಫೋನ್ ಮಾಡಿದ್ದು ಕೇಳಿಸಿರಲಿಲ್ಲ ನಂಗೆ. ಆದ್ರೂ ಬಾಚಣಿಗೆ ನೋಡಿ ನನ್ನ ಕಿವೀನೇ ನಾನು ನಂಬಲಿಲ್ಲ. ಹೇಳಬೇಕಿತ್ತು ಅವಳಿಗೆ." ಮುದುಕಿ ಖಾಲಿ ಮಂಚ ನೋಡಿದಳು. "ನನ್ನ ಸರದಿ ಬಂದಾಗ ತಲೆ ಬಾಚಬೇಡ. ಕೊಳಕಾಗೇ ಇರ್ತೀನಿ. ಮಾತು ಕೊಡ್ತೀಯಾ?"

ಆಯಾ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ಜೇಬಿನಿಂದ ಬಾಚಣಿಗೆ ತೆಗೆದು ಟೆಲಿಫೋನಜ್ಜಿಯ ಕೈಗೆ ಇಟ್ಟಳು.

ಅಜ್ಜಿ ಅದನ್ನು ತಲೆದಿಂಬಿನ ಕೆಳಗೆ ಸೇರಿಸಿ, ಅದರ ಮೇಲೆ ತಲೆಯಿಟ್ಟು ಮಲಗಿದಳು.